ಬಾಗಿಲ ಕಡೆಯ ಸ್ಟೂಲು

ಬೈಲಹೊಂಗಲದ ಪೇಟೆಯಲ್ಲಿ ನಮಗೆ ಗೊತ್ತಿದ್ದ ಡಾಕ್ಟರು ಒಬ್ಬರೇ. ಅವರ ದವಾಖಾನೆಯಲ್ಲಿ ಒಂದು ಮೇಜು, ಮೇಜಿನ ಪಕ್ಕಕ್ಕೆ ಒಂದು ಕುರ್ಚಿ, ಹಸಿರು ಪರದೆಯ ಹಿಂದೆ ಒಂದು ಮಂಚ, ಮತ್ತೆ ಬಾಗಿಲ ಕಡೆಗೆ ಒಂದು ಕಬ್ಬಿಣದ ಸ್ಟೂಲು ಇತ್ತು. ಯಾರೂ ಹೇಳಿಕೊಡದಿದ್ದರೂ ನಮ್ಮ ಜಾಗ ನಮಗೆ ಗೊತ್ತಿತ್ತು. ಪೇಟೆಯ ಮಂದಿ ಕುರ್ಚಿಗೆ ಹೋಗುತ್ತಿದ್ದರು, ನಮ್ಮ ಕೇರಿಯವರು ಸ್ಟೂಲಿಗೆ. ಡಾಕ್ಟರು ಕೂತಲ್ಲಿಂದಲೇ ಬ್ಯಾಟರಿ ಬಿಟ್ಟು ನಾಲಿಗೆ ನೋಡುತ್ತಿದ್ದರು, ಎಷ್ಟು ದಿನದ ಜ್ವರ ಎಂದು ಕೇಳುತ್ತಿದ್ದರು, ಚೀಟಿ ಬರೆಯುತ್ತಿದ್ದರು. ಹೊರಗೆ ಕಂಪೌಂಡರ್ ಸೂಜಿ ಮಾಡುತ್ತಿದ್ದ. ಕುರ್ಚಿಯವರ ಎದೆಗೂ ಬೆನ್ನಿಗೂ ಹಚ್ಚುತ್ತಿದ್ದ ಸ್ಟೆತಾಸ್ಕೋಪು ಸ್ಟೂಲಿನವರೆಗೆ ಬರುತ್ತಿರಲಿಲ್ಲ.

ಇದನ್ನು ನಾನು ಬಹಳ ವರ್ಷ ಒಳ್ಳೆಯದರಲ್ಲೇ ಎಣಿಸಿಕೊಂಡಿದ್ದೆ. ನನ್ನ ತವರು ರಾಮದುರ್ಗದ ಕಡೆಯ ಸುರೇಬಾನ. ಅಲ್ಲಿ ನಮ್ಮವ್ವ ಸಂಜೆ ದೀಪ ಹಚ್ಚುವಾಗ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, ಇವತ್ತು ತಾಯಿ ಏನು ಕೊಟ್ಟಳೋ ಅದನ್ನು ಮೊದಲು ಹೇಳು, ಬೇಕಾದದ್ದನ್ನು ಆಮೇಲೆ ಕೇಳು ಎನ್ನುತ್ತಿದ್ದಳು. ತಾಯಿ ಎಂದರೆ ಸವದತ್ತಿ ಗುಡ್ಡದ ಯಲ್ಲವ್ವ. ಮದುವೆಯಾಗಿ ಬೈಲಹೊಂಗಲಕ್ಕೆ ಬಂದ ಮೇಲೂ ನಾನು ಆ ರೂಢಿ ಬಿಡಲಿಲ್ಲ. ನಳಕ್ಕೆ ನೀರು ಬಂತು, ಜೋಳಕ್ಕೆ ಹುಳ ಹಿಡಿದಿರಲಿಲ್ಲ, ಗಂಡ ಕುಡಿಯದೆ ಮನೆಗೆ ಬಂದರು, ಹೀಗೆ ಹೇಳುತ್ತಿದ್ದೆ. ದವಾಖಾನೆಗೆ ಹೋಗಿ ಬಂದ ದಿನ, ಡಾಕ್ಟರು ಮರ್ಯಾದಸ್ಥರು, ಹೆಣ್ಣುಮಕ್ಕಳ ಮೈ ಮುಟ್ಟುವುದಿಲ್ಲ ಎಂದು ಹೇಳುತ್ತಿದ್ದೆ. ಪೇಟೆಯ ಹೆಣ್ಣುಮಕ್ಕಳು ಪರದೆಯ ಹಿಂದೆ ಮಲಗಿ ತೋರಿಸಿಕೊಂಡು ಸೆರಗು ಸರಿಮಾಡಿಕೊಳ್ಳುತ್ತ ಹೊರಗೆ ಬರುವುದನ್ನು ಕಣ್ಣಾರೆ ಕಂಡೂ ಹಾಗೆಯೇ ಹೇಳುತ್ತಿದ್ದೆ.

ನನ್ನ ಗಂಡ ಗವಂಡಿ. ಗೋಡೆ ಕಟ್ಟುವುದರಲ್ಲಿ ಕೈ ಚೊಕ್ಕ, ಹಾಗಾಗಿ ಪೇಟೆಯ ಹತ್ತಿ ವ್ಯಾಪಾರದ ಸಾವಕಾರರ ಮನೆಯ ಕೆಲಸವೆಲ್ಲ ಅವರಿಗೇ ಬರುತ್ತಿತ್ತು. ನನ್ನನ್ನು ಕೂಲಿಗೆ ಕಳಿಸಲಿಲ್ಲ. ಮನೆ ನೋಡಿಕೊಂಡು ಇರು ಎಂದರು. ನಮ್ಮದು ಒಂದೇ ಖೋಲಿ. ಅದರಲ್ಲಿ ನಾವಿಬ್ಬರು, ಅತ್ತೆ, ಒಬ್ಬಳೇ ಮಗಳು. ಒಬ್ಬರಿಗೆ ಗಂಟಲು ನೋವು ಬಂದರೆ ವಾರದೊಳಗೆ ಎಲ್ಲರಿಗೂ ಸುತ್ತಿ ಬರುತ್ತಿತ್ತು. ಬಿಸಿನೀರು, ಅರಿಶಿನ, ಸುಮ್ಮನಿರುವುದು. ಅದಕ್ಕಿಂತ ಹೆಚ್ಚಿನ ಔಷಧವನ್ನು ಗಂಟಲಿಗೆ ಯಾರೂ ಮಾಡುತ್ತಿರಲಿಲ್ಲ.

ತೊಂಬತ್ತರ ದಶಕದ ಆರಂಭದಲ್ಲಿ, ಮಗಳಿಗೆ ಹತ್ತು ವರ್ಷವಿದ್ದಾಗ, ಅಂಥ ಒಂದು ಗಂಟಲು ನೋವಿನ ಬೆನ್ನಿಗೇ ಅವಳ ಮೊಣಕಾಲು ಬಾತುಕೊಂಡಿತು. ಒಂದು ಇಳಿದರೆ ಇನ್ನೊಂದು, ಅದು ಇಳಿದರೆ ಪಾದದ ಹರಡು. ಸ್ಟೂಲಿನ ಮೇಲೆ ಕೂರಿಸಿ ತೋರಿಸಿದೆವು. ಬೆಳೆಯುವ ವಯಸ್ಸು, ನೋಯುತ್ತದೆ ಎಂದು ಡಾಕ್ಟರು ಗುಳಿಗೆ ಬರೆದರು. ಬಾವು ಇಳಿಯಿತು. ಅವತ್ತಿನ ದೀಪಕ್ಕೆ ಅದನ್ನೂ ಹೇಳಿದೆ.

ಕೆಲವು ವಾರ ಕಳೆದ ಮೇಲೆ ಅವಳ ಕೈ ಅವಳ ಮಾತು ಕೇಳದಂತಾಯಿತು. ರೊಟ್ಟಿ ಬಾಯಿಗೆ ಒಯ್ಯುವಷ್ಟರಲ್ಲಿ ಕೈ ಝಾಡಿಸಿ ರೊಟ್ಟಿ ಅತ್ತ ಬೀಳುತ್ತಿತ್ತು. ತಂಬಿಗೆ ಹಿಡಿದರೆ ನೀರು ಚೆಲ್ಲುತ್ತಿತ್ತು. ಅಕ್ಷರ ಕಾಗೆ ಕಾಲಿನ ಹಾಗೆ ಆಯಿತೆಂದು ಮಾಸ್ತರರು ಬೆರಳ ಗೆಣ್ಣಿಗೆ ಹೊಡೆದು ಕಳಿಸಿದರು. ಭುಜ ಕುಣಿಯುತ್ತಿತ್ತು, ಮುಖ ಸೊಟ್ಟಗಾಗಿ ಮತ್ತೆ ಸರಿಯಾಗುತ್ತಿತ್ತು, ನಾಲಿಗೆ ಹೊರಗೆ ಬಂದು ಒಳಗೆ ಹೋಗುತ್ತಿತ್ತು. ನಿದ್ದೆ ಬಂದರೆ ಎಲ್ಲ ನಿಂತು ಕೂಸಿನ ಹಾಗೆ ಮಲಗುತ್ತಿದ್ದಳು.

ಮೊದಲು ನೆಟ್ಟಗೆ ನೋಡಿದವರು ನಮ್ಮ ಅತ್ತೆ. ಶುಕ್ರವಾರ ಪೂಜೆ ಮುಗಿಸಿ ಭಂಡಾರ ಹಚ್ಚಲು ಬಂದವರು ಮೊಮ್ಮಗಳ ಕೈ ಕುಣಿಯುವುದನ್ನು ಕಂಡು ಅಲ್ಲೇ ಮೊಣಕಾಲೂರಿದರು. ನಮ್ಮ ಕಡೆ ಭಂಡಾರವೆಂದರೆ ತಾಯಿಯ ಅರಿಶಿನ ಪುಡಿ. ಅದನ್ನು ಮಗಳ ಹಣೆ ತುಂಬ ಬಳಿದು, ತಾಯಿ ತಾನಾಗಿಯೇ ನಮ್ಮ ಮನೆಗೆ ಬಂದಿದ್ದಾಳೆ ಎಂದರು. ಕೇರಿ ನೆರೆಯಿತು. ಉಧೋ ಉಧೋ ಎಂದರು. ಮಗಳು ಹೆದರಿ ನನ್ನ ಸೆರಗು ಹಿಡಿಯಬೇಕೆಂದರೆ ಕೈ ಸೆರಗಿಗೆ ತಾಕಿ ದೂರ ಹಾರಿತು. ಅದನ್ನು ಕಂಡು ಇನ್ನೂ ಜೋರಾಗಿ ಕೂಗಿದರು.

ಆಗಲೂ ನಾವು ದವಾಖಾನೆಗೆ ಹೋಗದೆ ಇರಲಿಲ್ಲ. ಗಂಡ ಒತ್ತಾಯ ಮಾಡಿ ಕರೆದುಕೊಂಡು ಹೋದರು. ಮಗಳು ಹಣೆಯ ಮೇಲಿನ ಭಂಡಾರದ ಸಮೇತ ಸ್ಟೂಲಿನ ಮೇಲೆ ಕೂತಳು. ಅವಳ ಕಾಲು ಕುಣಿಯುತ್ತಿದ್ದುದಕ್ಕೆ ಕಬ್ಬಿಣದ ಸ್ಟೂಲು ಟಕಟಕ ಸಪ್ಪಳ ಮಾಡುತ್ತಿತ್ತು. ಡಾಕ್ಟರು ಮೇಜಿನ ಆಚೆಯಿಂದಲೇ ಸ್ವಲ್ಪ ಹೊತ್ತು ನೋಡಿ ನಕ್ಕರು.

“ಇದು ನನ್ನ ಕೆಲಸ ಅಲ್ಲಪಾ, ನಿಮ್ಮ ಯಲ್ಲವ್ವನ ಕೆಲಸ. ಗುಡ್ಡಕ್ಕ ಕರಕೊಂಡ ಹೋಗ್ರಿ.”

ಓದಿದವರೇ ಹಾಗೆಂದ ಮೇಲೆ ಓದದವರು ಏನು ಹೇಳಬೇಕು? ಮುಂದಿನ ಮಂಗಳವಾರ ಅದೇ ದವಾಖಾನೆಯ ಕಂಪೌಂಡರ್ ಕಾಯಿ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದ. ನಮ್ಮ ತೋಳಿಗೆ ಮಾರು ದೂರದಿಂದ ಸೂಜಿ ಚುಚ್ಚುತ್ತಿದ್ದವನು ನನ್ನ ಮಗಳ ಮುಂದೆ ಉದ್ದಕ್ಕೆ ಬಿದ್ದ.

ಅವನ ಹಿಂದೆ ಪೇಟೆಯೂ ಬಂತು. ಸಾವಕಾರರ ಹೆಂಡತಿ ಕಾರಿನಲ್ಲಿ ಬಂದರು. ಅವರ ಕಾರು ನಮ್ಮ ಕೇರಿಗೆ ಬಂದದ್ದು ಅದೇ ಮೊದಲು. ನಮ್ಮ ಮನೆಯ ನೀರು ಅವರು ಕುಡಿಯಲಿಲ್ಲ, ನಾನು ಕೊಡಲೂ ಹೋಗಲಿಲ್ಲ. ಆದರೆ ಹೊಸ್ತಿಲಲ್ಲಿ ಕೂತು ನನ್ನ ಮಗಳ ಪಾದಕ್ಕೆ ಹಣೆ ಹಚ್ಚಿದರು. ಮಗಳಿಗೆ ಕಚಗುಳಿಯಾಗಿ ಕಿಲಕಿಲ ನಕ್ಕಳು. ತಾಯಿ ನಕ್ಕಳು, ಒಲಿದಳು ಎಂದು ಅವರ ಕಣ್ಣಲ್ಲಿ ನೀರು ಬಂತು. ಹೋಗುವಾಗ ಹಸಿರು ಸೀರೆ, ಉಡಿ ಸಾಮಾನು ಇಟ್ಟು ಹೋದರು. ಆ ಸೀರೆಯಲ್ಲಿ ಎರಡು ಲಂಗ ಹೊಲಿಸಿದೆ. ಅದೂ ಒಂದು ಕೊಟ್ಟದ್ದೇ.

ಅತ್ತೆಗೆ ಆಸೆ ಬೆಳೆಯಿತು. ತಾಯಿ ತಾನಾಗಿ ಬಂದು ಕೂತಿರುವಾಗ ಹುಡುಗಿಗೆ ಮುತ್ತು ಕಟ್ಟಿಸಿಬಿಡೋಣ, ಗುಡ್ಡಕ್ಕೇ ಬಿಟ್ಟುಬಿಡೋಣ ಎಂದರು. ಮುತ್ತು ಕಟ್ಟಿಸಿಕೊಂಡ ಹುಡುಗಿಗೆ ಮದುವೆಯಿಲ್ಲ. ಅವಳ ಬಾಳು ಯಾರ ಯಾರ ಕೈಗೋ ಹೋಗುತ್ತದೆ. ಸರಕಾರ ಅದನ್ನು ನಿಲ್ಲಿಸಿ ಆಗಲೇ ಕೆಲವು ವರ್ಷವಾಗಿತ್ತು, ಆದರೆ ಕದ್ದು ನಡೆಯುತ್ತಿತ್ತು. ನನ್ನ ಗಂಡ ಹೆಚ್ಚು ಮಾತಾಡುವವರಲ್ಲ. ಅವತ್ತು ಗಾರೆ ಹಾಕುವ ಕರಣಿ ಕೆಳಗಿಟ್ಟು, “ಯವ್ವಾ, ಇನ್ನೊಮ್ಮಿ ಆ ಮಾತ ಬಂದ್ರ ಈ ಮನಿ ಗ್ವಾಡಿ ನಾನ ಕಟ್ಟೇನಿ, ನಾನ ಕೆಡವತೇನಿ” ಎಂದರು. ಅತ್ತೆ ಎದ್ದು ಒಲೆಯ ಮುಂದೆ ಹೋಗಿ ಕೂತರು. ಇಂಥ ಗಂಡನನ್ನು ಕೊಟ್ಟದ್ದನ್ನು ನಾನು ಇವತ್ತಿಗೂ ದೀಪದ ಮುಂದೆ ಮೊದಲು ಹೇಳುತ್ತೇನೆ.

ಆ ವರ್ಷದ ದಸರೆ ಹಬ್ಬ ಮುಗಿಯುವ ಹೊತ್ತಿಗೆ ಕುಣಿತ ತಾನಾಗಿಯೇ ಕಡಿಮೆಯಾಗುತ್ತ ಬಂದು, ಒಂದು ದಿನ ಪೂರ್ತಿ ನಿಂತಿತು. ತಾಯಿ ಗುಡ್ಡಕ್ಕೆ ಹೊರಟುಹೋದಳು ಎಂದರು. ಕಾರು ಬರುವುದು ನಿಂತಿತು, ಕಾಯಿ ಬರುವುದು ನಿಂತಿತು. ಮಗಳು ಮತ್ತೆ ಕೇರಿಯ ಹುಡುಗಿಯಾದಳು. ನನಗೇನೂ ಬೇಸರವಾಗಲಿಲ್ಲ. ಅವಳು ತಂಬಿಗೆ ಚೆಲ್ಲದೆ ಹಿಡಿದು ನೀರು ಕುಡಿದು, “ಅವ್ವಾ, ನಾ ಇನ್ನ ಸಾಲಿಗೆ ಹೋಗ್ಲೇನ?” ಎಂದಳು. ಹೋಗು ಎಂದೆ.

ಮುಂದೆ ಏಳು ವರ್ಷ ಒಳಗಿನದು ಒಳಗೇ ಇತ್ತು. ಸಾಲೆಯಲ್ಲಿ ಹತ್ತನೇ ಇಯತ್ತೆ ಮುಗಿಸಿ ಹೊಲಿಗೆ ಕಲಿಯಲು ಹೋಗುತ್ತಿದ್ದಳು. ಹದಿನೇಳರ ಹೊತ್ತಿಗೆ ಒಂದು ಕೊಡ ನೀರು ತಂದರೆ ಬಾಗಿಲ ಚೌಕಟ್ಟು ಹಿಡಿದು ನಿಲ್ಲತೊಡಗಿದಳು. ಗುಡ್ಡಕ್ಕೆ ಹೋದಾಗ ಗೆಳತಿಯರು ಮೆಟ್ಟಿಲು ಓಡಿ ಹತ್ತಿದರೆ ಇವಳು ನಡುನಡುವೆ ಕೂತು ಕೂತು ಬಂದಳು. ಅತ್ತೆ, ಈಗಿನ ಹುಡುಗಿಯರಿಗೆ ಕಸುವಿಲ್ಲ ಎಂದು ಕಾಡಿದರು. ಅಜ್ಜಿಯ ಮಾತಿಗೆ ಇವಳು ನಗುತ್ತ, ನಿನ್ನ ತಾಯಿ ನನ್ನ ಕಸುವೆಲ್ಲ ಗುಡ್ಡಕ್ಕೆ ಹೊತ್ತುಕೊಂಡು ಹೋದಳು ಎಂದಳು. ನಗುವುದಕ್ಕೂ ಉಸಿರು ಸಾಲದೆ ಕೆಮ್ಮಿದಳು.

ಮತ್ತೆ ಅದೇ ಸ್ಟೂಲು. ರಕ್ತ ಕಡಿಮೆಯಿದೆ, ಶೇಂಗಾ ಬೆಲ್ಲ ತಿನ್ನಿಸಿರಿ ಎಂದರು ಡಾಕ್ಟರು. ಎದೆ ಬಡಿದುಕೊಳ್ಳುತ್ತದೆ ಅನ್ನುತ್ತಾಳೆ, ಹಾರ್ಟಿನದೇನಾದರೂ ಇದ್ದೀತೇ ಎಂದು ನಾನು ಬಾಯಿಬಿಟ್ಟು ಕೇಳಿದೆ. ಅವರಿಗೆ ಸಿಟ್ಟು ಬರಲಿಲ್ಲ, ಬಹಳ ಪ್ರೀತಿಯಿಂದಲೇ ಹೇಳಿದರು:

“ಹಾರ್ಟಿನ ಜಡ್ಡ ನಿಮ್ಮಂಥಾರಿಗೆ ಬರೂದಲ್ಲವಾ. ಅದು ತುಪ್ಪ ತಿಂದ ಗಾದಿ ಮ್ಯಾಲ ಕುಂತೋರಿಗೆ. ನೀವು ದುಡದ ತಿನ್ನೋರು, ನಿಮ್ಮ ಎದಿ ಕಲ್ಲಿದ್ದಂಗ ಇರತಾವು.”

ನನಗೆ ಎಷ್ಟು ಸಮಾಧಾನವಾಯಿತೆಂದರೆ, ಬರುತ್ತ ದಾರಿಯಲ್ಲಿ ಅರ್ಧ ಕಿಲೋ ಶೇಂಗಾ ತಂದೆ. ಬಡತನಕ್ಕೂ ಒಂದು ಲಾಭವಿದೆಯಲ್ಲ ಎಂದು ಅವತ್ತು ತಾಯಿಗೆ ಹೇಳಿದೆ.

ಆ ವರ್ಷದ ಬೇಸಿಗೆಯಲ್ಲಿ ಸಾವಕಾರರಿಗೆ ಎದೆ ನೋವು ಬಂತು. ಅಂಗಡಿಯಲ್ಲಿ ಗಾದಿಯ ಮೇಲೆ ಕೂತವರು ಬೆವತು ಒರಗಿದರಂತೆ. ನಮ್ಮ ಡಾಕ್ಟರೇ ಓಡಿ ಬಂದರಂತೆ, ಅಂಗಡಿಗೆ, ಚಪ್ಪಲಿ ಸಹ ಹಾಕಿಕೊಳ್ಳದೆ. ಕಾರಿನಲ್ಲಿ ಪಕ್ಕಕ್ಕೆ ಕೂತು ನಾಡಿ ಹಿಡಿದುಕೊಂಡೇ ಬೆಳಗಾವಿಗೆ ಕರೆದೊಯ್ದರಂತೆ. ಆ ಕಾರು ಹೊರಟ ಮೇಲೆ ಸಾವಕಾರರ ಹೆಂಡತಿ ಇನ್ನೊಂದು ಗಾಡಿಯಲ್ಲಿ ನಮ್ಮ ಮನೆಗೆ ಬಂದರು. ಏಳು ವರ್ಷದ ಮೇಲೆ ಬಂದಿದ್ದರು. ನನ್ನ ಮಗಳು ಆಗಷ್ಟೇ ನೀರು ತಂದು ಗೋಡೆಗೆ ಆತು ಉಸಿರು ಎಳೆಯುತ್ತಿದ್ದಳು. ಅವರಿಗೆ ಅದು ಕಾಣಲಿಲ್ಲ. ಅವಳ ಕಾಲು ಹಿಡಿದು, ನನ್ನ ಕುಂಕುಮ ಉಳಿಸು ತಾಯಿ, ನಿನ್ನ ಕೈಯಾರೆ ಭಂಡಾರ ಕೊಡು ಎಂದರು. ಮಗಳು ನನ್ನ ಮುಖ ನೋಡಿದಳು. ಕೊಡು ಎಂದು ಸನ್ನೆ ಮಾಡಿದೆ. ಒಬ್ಬ ಹೆಂಗಸು ಗಂಡನ ಜೀವಕ್ಕೆ ಅಳುತ್ತಿರುವಾಗ ಏನು ಅಂತ ಇಲ್ಲ ಎನ್ನುವುದು? ಕೊಟ್ಟಳು. ಅವರು ಅದನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಬೆಳಗಾವಿಗೆ ಹೋದರು.

ಅಲ್ಲಿ ಅವತ್ತೇ ಸಾವಕಾರರ ನರಕ್ಕೆ ಬಲೂನು ಹಾಕಿ ಅಡ್ಡಿ ಬಿಡಿಸಿದರು. ಅವರು ಉಳಿದರು. ಇದರಲ್ಲಿ ನನಗೆ ಹೊಟ್ಟೆಕಿಚ್ಚಿಲ್ಲ. ಮನೆಗೆ ಬಂದ ಮೇಲೆ ಊರೇ ಮಾತಾಡಿಸಲು ಹೋಯಿತು. ನಮ್ಮ ಕಡೆ ಜಡ್ಡಾದವರನ್ನು ಮಾತಾಡಿಸಲು ಹೋಗದಿದ್ದರೆ ಅದೊಂದು ಮಾತಾಗುತ್ತದೆ. ನಾವೂ ಹೋಗಿ ಅಂಗಳದಲ್ಲಿ ನಿಂತೆವು. ಸಾವಕಾರರು ತೂಗುಮಂಚದ ಮೇಲೆ ಕೂತು, ನೋವು ಎಲ್ಲಿ ಹುಟ್ಟಿತು, ಯಾವ ಕೈಗೆ ಇಳಿಯಿತು, ಒಳಗೆ ಬಲೂನು ಹೋದಾಗ ಹೇಗನ್ನಿಸಿತು ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಸೇಬು ಬುಟ್ಟಿಗಟ್ಟಲೆ ಬಂದಿದ್ದವು. ಅವರ ಎದೆಯ ಸುದ್ದಿ ಬೈಲಹೊಂಗಲದಲ್ಲಿ ಕೇಳದವರು ಯಾರೂ ಉಳಿಯಲಿಲ್ಲ.

ಹರಕೆ ತೀರಿಸಿದ ಹಾಗಾಯಿತು, ಪುಣ್ಯವೂ ಆಯಿತು ಎಂದು ಅವರು ಸಾಲೆಯ ಮೈದಾನದಲ್ಲಿ ಶಾಮಿಯಾನ ಹಾಕಿಸಿ ಹೃದಯ ತಪಾಸಣೆಯ ಶಿಬಿರ ಮಾಡಿಸಿದರು. ಬೆಳಗಾವಿಯಿಂದ ಡಾಕ್ಟರುಗಳು ಬಂದರು. ಒಳಗೆ ಫ್ಯಾನಿನ ಕೆಳಗೆ ಪೇಟೆಯವರಿಗೆ ಎದೆಗೆ ತಂತಿ ಹಚ್ಚಿ ಇಸಿಜಿ ಪಟ್ಟಿ ತೆಗೆಯುತ್ತಿದ್ದರು. ಹೊರಗಿನ ಪಾಳಿಯಲ್ಲಿ ನಮ್ಮಂಥವರಿಗೆ ಬಿಪಿ ಮಾತ್ರ. ನನಗೆ ತಲೆ ತಿರುಗುತ್ತಿತ್ತು, ಜೊತೆಗೆ ಮಗಳು ಬಂದಿದ್ದಳು. ತೋರಿಸಿಕೊಳ್ಳಲು ಬಂದವಳು ನಾನು, ಅವಳಲ್ಲ.

ಹೊರಗಿನ ಪಾಳಿಗೆ ಕೂರಿಸಿದ್ದು ಒಬ್ಬ ಎಳೆಯ ಡಾಕ್ಟರಬಾಯಿಯನ್ನು. ಅವರು ನನ್ನ ತೋಳಿಗೆ ಪಟ್ಟಿ ಸುತ್ತುತ್ತಲೇ ನನ್ನ ಹಿಂದೆ ನಿಂತ ಮಗಳನ್ನು ನೋಡುತ್ತಿದ್ದರು. ಬರೀ ನಿಂತದ್ದಕ್ಕೆ ಅವಳ ಉಸಿರು ಮೇಲೆ ಕೆಳಗೆ ಆಗುತ್ತಿತ್ತು. “ತಂಗಿ, ನೀ ಇಲ್ಲೆ ಬಾ, ಕುಂದ್ರು” ಎಂದರು. ತಾವೇ ಎದ್ದು ತಮ್ಮ ಕುರ್ಚಿಯಲ್ಲಿ ಕೂರಿಸಿದರು. ಕುಪ್ಪಸದ ಮೇಲಿನ ಒಂದು ಗುಂಡಿ ಬಿಚ್ಚಿಸಿ ಸ್ಟೆತಾಸ್ಕೋಪು ಹಚ್ಚಿದರು. ಕಣ್ಣು ಮುಚ್ಚಿಕೊಂಡರು. ಎಡಕ್ಕೆ ವಾಲಿಸಿ ಮತ್ತೆ ಕೇಳಿದರು. ಪಾಳಿಯಲ್ಲಿದ್ದವರು ಗೊಣಗತೊಡಗಿದರೂ ಅವರು ಕೈ ತೆಗೆಯಲಿಲ್ಲ.

ಆಮೇಲೆ ಅದನ್ನು ನನ್ನ ಕಿವಿಗೆ ಹಾಕಿದರು. ಮೊದಲು ನನ್ನ ಎದೆಯದನ್ನೇ ಕೇಳಿಸಿದರು. ಒನಕೆ ಹಾಕಿದ ಹಾಗೆ ಎರಡೆರಡು ಪೆಟ್ಟು, ಸ್ವಚ್ಛ. ಆಮೇಲೆ ಮಗಳದು. ಪೆಟ್ಟಿನ ನಡುವೆ, ಆಚೆ ಮನೆಯಲ್ಲಿ ಯಾರೋ ಬೀಸುವ ಕಲ್ಲು ತಿರುಗಿಸುತ್ತಿರುವ ಹಾಗೆ ಗುರುಗುರು ಎನ್ನುತ್ತಿತ್ತು. ಹದಿನೇಳು ವರ್ಷ ಮಗ್ಗುಲಲ್ಲಿ ಮಲಗಿಸಿಕೊಂಡ ಮಗಳ ಎದೆಯೊಳಗೆ ಏನು ನಡೆದಿತ್ತೆಂದು ನನಗೆ ತಿಳಿದದ್ದು ಮೈದಾನದಲ್ಲಿ, ಸಾವಕಾರರ ಶಾಮಿಯಾನದ ನೆರಳಿನ ಹೊರಗೆ.

ಸಣ್ಣವಳಿದ್ದಾಗ ಕೀಲು ಬಾತಿದ್ದವೇ ಎಂದು ಕೇಳಿದರು. ಹೌದೆಂದೆ. ಕೈಯಲ್ಲಿನ ಸಾಮಾನು ಬೀಳುವುದು, ಮುಖ ಎಳೆಯುವುದು, ಕೈಕಾಲು ತಾವೇ ಕುಣಿಯುವುದು ಏನಾದರೂ ಇತ್ತೇ ಎಂದರು. ಅದು ತಾಯಿ ಬಂದದ್ದು ಎಂದೆ. ಅವರು ನಗಲಿಲ್ಲ.

“ಅದಕ್ಕೊಂದು ಹೆಸರೈತ್ರಿ ಅವ್ವಾರ. ಗಂಟಲ ಬ್ಯಾನಿ ಹಂಗ ಬಿಟ್ರ ಕೀಲಿಗೆ ಬರತೈತಿ, ಎದಿಗೆ ಇಳಿತೈತಿ. ಕೆಲವು ಹುಡಿಗ್ಯಾರಿಗೆ ತಲಿಗೆ ಹೋಗಿ ಕೈಕಾಲ ಕುಣಸ್ತೈತಿ. ಒಳಗಿನ ಕವಾಟ ಒಂದ ಸಣ್ಣ ಆಗೇತಿ ಈಕಿಗೆ. ಆವಾಗ ಯಾರೂ ಎದಿಗೆ ಹಚ್ಚಿ ನೋಡಲಿಲ್ಲೇನ್ರಿ?”

“ನಾವು ಸ್ಟೂಲಿನ ಮ್ಯಾಲ ಕೂಡೋರ್ರಿ ಬಾಯಾರ” ಎಂದೆ. ಅವರಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳುವ ತ್ರಾಣ ನನಗಿರಲಿಲ್ಲ. ಈ ಜಡ್ಡು ಹೆಚ್ಚಾಗಿ ಒಂದೇ ಖೋಲಿಯಲ್ಲಿ ಒತ್ತಾಗಿ ಮಲಗುವವರ ಮಕ್ಕಳನ್ನೇ ಹಿಡಿಯುತ್ತದೆ ಎಂದು ಅವರು ಹೇಳಿದಾಗ, ಹಾಗಾದರೆ ನಮಗೂ ನಮ್ಮದೇ ಒಂದು ಹಾರ್ಟಿನ ಜಡ್ಡಿದೆ ಎಂದುಕೊಂಡೆ. ಕಲ್ಲಿನ ಎದೆ ಎಂದವರ ನೆನಪಾಯಿತು.

ಮಗಳಿಗೂ ಬಲೂನೇ ಆಗಬೇಕಾಗಿತ್ತು. ತೊಡೆಯ ನರದಿಂದ ಒಳಗೆ ಕಳಿಸಿ ಕವಾಟ ಬಿಡಿಸುವುದು. ಸಾವಕಾರರು ಒಂದು ಮಾತು ಹೇಳಿದರೆ ಬೆಳಗಾವಿಯ ದೊಡ್ಡ ಡಾಕ್ಟರು ಬೇಗ ಮಾಡಿಯಾರು, ಇಲ್ಲದಿದ್ದರೆ ಬೆಂಗಳೂರಿನ ಸರಕಾರಿ ಆಸ್ಪತ್ರೆಯಲ್ಲಿ ಪಾಳಿ ಹಚ್ಚಬೇಕು ಎಂದರು ಡಾಕ್ಟರಬಾಯಿ. ಬಹಳ ದಿನ ತಡೆಯಬಾರದು ಎಂದೂ ಹೇಳಿದರು. ಮರುದಿನವೇ ಸಾವಕಾರರ ಮನೆಗೆ ಹೋದೆ. ರೊಕ್ಕ ಕೇಳಲು ಅಲ್ಲ, ಆ ಒಂದು ಮಾತು ಕೇಳಲು.

ಹಿತ್ತಿಲ ಕಟ್ಟೆಯ ಮೇಲೆ ಸಾವಕಾರರ ಹೆಂಡತಿ ಶಾವಿಗೆ ಒಣಹಾಕಿಸುತ್ತಿದ್ದರು. ಬಾರವಾ ಎಂದು ಪ್ರೀತಿಯಿಂದಲೇ ಕರೆದರು. ನಾನು ಎಲ್ಲ ಹೇಳಿದೆ, ಗಂಟಲು, ಕೀಲು, ಕೈ ಕುಣಿದದ್ದು, ಕವಾಟ. ಕೈ ಕುಣಿದದ್ದು ಜಡ್ಡು ಎನ್ನುವಲ್ಲಿಗೆ ಬಂದಾಗ ಅವರ ಮುಖ ಬದಲಾಯಿತು.

“ಹಂಗಾರ ನಾ ಕಾಲ ಬಿದ್ದದ್ದು ಜಡ್ಡಿಗೇನ? ನಿನ್ನ ಮಗಳ ಕೈಯಾನ ಭಂಡಾರಲೇ ನಮ್ಮ ಮನ್ಯಾರು ಉಳದಾರು. ಅದನ್ನ ಮಂದಿ ಮುಂದ ಜಡ್ಡ ಅನಬ್ಯಾಡ.”

“ಅಕ್ಕಾರ, ನಿಮ್ಮ ಮನ್ಯಾರು ಉಳದದ್ದು ಬೆಳಗಾವ್ಯಾಗ ಬಲೂನ ಹಾಕಿದ್ದಕ್ರಿ. ನನ್ನ ಮಗಳಿಗೂ ಅದ ಬೇಕಾಗೇತಿ.”

“ತಾಯಿ ಇದ್ದ ಕೊಡಾ ಅದು. ಅದಕ್ಕ ತೂತ ಹೊಡಸ್ತೀಯೇನ? ಹೋಗ, ಶುಕ್ರವಾರ ಕರಕೊಂಡ ಬಾ, ನೇವೇದ್ಯ ಮಾಡಿ ತಾಯಿ ಪಡಲಗಿ ಬುಟ್ಟಿ ತುಂಬಸ್ತೇನಿ. ಆರಾಮ ಆಕ್ಕಾಳ.”

ಅವರು ಕೆಟ್ಟವರಲ್ಲ. ಅದೇ ನನಗೆ ಹೆಚ್ಚು ಉರಿಯುವುದು. ಕೆಟ್ಟವರಾಗಿದ್ದರೆ ಬೈದು ಬರುತ್ತಿದ್ದೆ. ಅವರಿಗೆ ನನ್ನ ಮಗಳು ದೇವರಾಗಿ ಬೇಕಾಗಿದ್ದಳು, ಮಗಳಾಗಿ ಬೇಕಾಗಿರಲಿಲ್ಲ. ಗಂಡನ ಎದೆಗೆ ಆಸ್ಪತ್ರೆ, ನನ್ನ ಮಗಳ ಎದೆಗೆ ಪಡಲಗಿ. ಮಾತು ಹೇಳಿಸಲಿಲ್ಲ. ಆ ತಿಂಗಳಿಂದಲೇ ಸಾವಕಾರರ ಗೋದಾಮಿನ ಗೋಡೆಯ ಕೆಲಸ ಬೇರೆ ಗವಂಡಿಗೆ ಹೋಯಿತು. ನನ್ನ ಗಂಡ ಬಾಡಿಗೆ ಖೋಲಿಗಳ ಚಾಳ ಕಟ್ಟುವ ಕೆಲಸ ಹಿಡಿದು ಬಸ್ಸಿನಲ್ಲಿ ಕಿತ್ತೂರಿಗೆ ಹೋಗಿ ಬರತೊಡಗಿದರು.

ಮನೆಯಲ್ಲಿ ಅತ್ತೆಯದೂ ಅದೇ ಮಾತು. ತಾಯಿಯನ್ನು ಸುಳ್ಳು ಮಾಡಬೇಡ, ಸಿಟ್ಟಾಗುತ್ತಾಳೆ. ನಾನು ಒಬ್ಬಳೇ ಗುಡ್ಡಕ್ಕೆ ಹೋದೆ. ಗುಡಿಯಲ್ಲಿ ಗದ್ದಲವಿರಲಿಲ್ಲ. ತಾಯಿಯ ಮುಂದೆ ನಿಂತು, ಅವತ್ತು ಮೊದಲ ಸಲ, ಕೊಟ್ಟದ್ದನ್ನು ಹೇಳಲಿಲ್ಲ. ಏಳು ವರ್ಷದ ಹಿಂದೆ ಬಂದದ್ದು ನೀನೋ ಜಡ್ಡೋ ನನಗೆ ಗೊತ್ತಿಲ್ಲ ಎಂದೆ. ಜಡ್ಡಾಗಿದ್ದರೆ ಅದನ್ನು ಬಿಡಿಸಲು ಹೋಗುತ್ತೇನೆ. ನೀನೇ ಆಗಿದ್ದರೂ ಹೋಗುತ್ತೇನೆ. ಯಾಕೆಂದರೆ ನಿನ್ನನ್ನು ಮೈಯಲ್ಲಿ ಹೊತ್ತವಳನ್ನು ಅವತ್ತು ದವಾಖಾನೆಗೆ ಕರೆದುಕೊಂಡು ಹೋದಾಗ ಅವರು ಬಾಗಿಲ ಕಡೆಯ ಸ್ಟೂಲಿನ ಮೇಲೇ ಕೂರಿಸಿದರು. ನಿನಗೂ ಸಿಕ್ಕ ಜಾಗ ಅಷ್ಟೇ, ನೋಡಿದೆಯಲ್ಲ. ಇಷ್ಟು ಹೇಳಿ ಭಂಡಾರ ಹಚ್ಚಿಕೊಂಡು ಇಳಿದೆ. ತಾಯಿ ಸಿಟ್ಟಾಗಲಿಲ್ಲ. ಸಂಜೆಯ ಬಸ್ಸಿನಲ್ಲಿ ಕೂರಲು ಜಾಗವೂ ಸಿಕ್ಕಿತು.

ಡಾಕ್ಟರಬಾಯಿಯ ಚೀಟಿ ಹಿಡಿದು ಬೆಂಗಳೂರಿಗೆ ಹೋದೆವು. ಹೆಸರು ಬರೆದುಕೊಂಡು ಕಳಿಸಿದರು. ಅಲ್ಲಿ ನಮ್ಮ ಮಗಳಂಥವರೇ ವರಾಂಡದ ತುಂಬ ಇದ್ದರು, ತೆಳ್ಳಗಿನ ಹುಡುಗಿಯರು, ಪಕ್ಕದಲ್ಲಿ ಚೀಲ ಹಿಡಿದ ಅವ್ವಂದಿರು. ಯಾರ ಕೊರಳಲ್ಲೂ ಚಿನ್ನವಿರಲಿಲ್ಲ. ಮುಂಗಾರು ಹಿಡಿಯುವ ಹೊತ್ತಿಗೆ ಹಚ್ಚಿದ ಪಾಳಿ ದಸರೆ ದಾಟಿದರೂ ಬರಲಿಲ್ಲ. ಸಾವಕಾರರಿಗೆ ಒಂದು ಹೊತ್ತಿನಲ್ಲಿ ಆದದ್ದು ಇದೇ ಬಲೂನು ಎಂದು ನನಗೆ ದಿನಾ ನೆನಪಾಗುತ್ತಿತ್ತು.

ಆ ತಿಂಗಳುಗಳಲ್ಲಿ ಮಗಳು ಮಲಗಲಾರದಾದಳು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಗೋಡೆಗೆ ಆತು ಕೂತೇ ನಿದ್ದೆ ಮಾಡುತ್ತಿದ್ದಳು. ಗೋಡೆ ತಣ್ಣಗಿರುತ್ತದೆಂದು ಅತ್ತೆ ತಾವು ಗೋಡೆಗೆ ಆತು ಕೂತು, ಮೊಮ್ಮಗಳನ್ನು ತಮ್ಮ ಎದೆಗೆ ಒರಗಿಸಿಕೊಂಡರು. ಬೆನ್ನ ಹಿಂದಿನಿಂದ ಅವಳ ಎದೆ ಬಡಿಯುವುದು ಅವರಿಗೆ ತಾಕುತ್ತಿರಬೇಕು. ಒಂದು ಬೆಳಿಗ್ಗೆ, ತಾಯಿ ಬಂದರೆ ಇಷ್ಟು ನೋಯಿಸುವುದಿಲ್ಲ ಎಂದರು. ಮತ್ತೆ ಆ ವಿಷಯ ಎತ್ತಲಿಲ್ಲ.

ಪಾಳಿ ಬಂತು, ಬಲೂನು ಆಯಿತು, ಮಗಳು ಉಳಿದಳು. ಅವತ್ತು ರಾತ್ರಿ ಅವಳು ಆಸ್ಪತ್ರೆಯ ಮಂಚದ ಮೇಲೆ ಮೈಚಾಚಿ ಮಲಗಿದ್ದನ್ನು ನೋಡುತ್ತ ಕೂತಿದ್ದೆ. ದೀಪವಿರಲಿಲ್ಲ, ಆದರೂ ಹೇಳಿದೆ: ಮಲಗಿದ್ದಾಳೆ. ಅಲ್ಲಿನ ಡಾಕ್ಟರು ಹೇಳಿದ್ದನ್ನು ಮಾತ್ರ ತಾಯಿಗೆ ಹೇಳಲಿಲ್ಲ. ಹತ್ತು ವರ್ಷದವಳಿದ್ದಾಗಲೇ ಗೊತ್ತಾಗಿದ್ದರೆ, ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಸೂಜಿ ಮಾಡಿಸಿಕೊಂಡಿದ್ದರೆ, ಕವಾಟ ಇಷ್ಟು ಕೆಡುತ್ತಿರಲಿಲ್ಲವಂತೆ. ಈಗ ಸೂಜಿಯೂ ಬೇಕು, ಕವಾಟವೂ ಪೂರ್ತಿ ಸರಿಯಾಗಲಿಲ್ಲ. ಮುಂದೆ ಮತ್ತೆ ಕೈ ಹಾಕಬೇಕಾಗಬಹುದು. ಬಸಿರಾದರೆ ಜೀವಕ್ಕೆ ಎರವು ಎಂದೂ ಹೇಳಿದರು.

ಅದು ಹೇಗೋ ಊರಿಗೆ ತಿಳಿಯಿತು. ಎರಡು ಕಡೆಯಿಂದ ಹೆಣ್ಣು ನೋಡಲು ಬರಬೇಕಾಗಿದ್ದವರು ಬರಲಿಲ್ಲ. ಎದೆ ಜಡ್ಡಿನ ಹುಡುಗಿ ಎಂದರಂತೆ. ಅದೇ ವರ್ಷ ಸಾವಕಾರರ ಮನೆಯಲ್ಲಿ ಮದುವೆಯಾಯಿತು. ಬೀಗರು ಸಾವಕಾರರ ಎದೆಯ ಬಗ್ಗೆ ಕೇಳಿದರಂತೆ, ಆರಾಮವಿದ್ದೀರಾ ಎಂದು.

ಮಗಳು ಹೊಲಿಗೆ ಯಂತ್ರ ಹಾಕಿಕೊಂಡಳು. ಕಾಲಿನಿಂದ ತುಳಿಯುವುದಲ್ಲ, ಮೋಟರಿನದು. ಮೂರು ವಾರಕ್ಕೊಮ್ಮೆ ಸೂಜಿ. ಸರಕಾರಿ ದವಾಖಾನೆಯಲ್ಲಿ ಔಷಧವಿದ್ದಾಗ ನರ್ಸ್‌ಬಾಯಿ ಮಾಡುತ್ತಾರೆ. ಇಲ್ಲದಾಗ ಸವದತ್ತಿಗೋ ಬೆಳಗಾವಿಗೋ ಅಲೆಯಬೇಕು. ಗಂಟಲು ನೋವು ಬಂದ ಕೇರಿಯ ಮಕ್ಕಳನ್ನು ಅವಳು ಈಗ ಸುಮ್ಮನೆ ಬಿಡುವುದಿಲ್ಲ. ಅವರವ್ವಂದಿರನ್ನು ಬೈದು ಎಬ್ಬಿಸಿ ದವಾಖಾನೆಗೆ ಕಳಿಸುತ್ತಾಳೆ, ಎದೆಗೆ ಹಚ್ಚಿ ನೋಡಿರಿ ಅನ್ನಿರಿ ಎಂದು ಹೇಳಿಕೊಟ್ಟೇ ಕಳಿಸುತ್ತಾಳೆ.

ಎರಡು ಸಾವಿರದ ಐದಾರರ ಸುಮಾರಿಗೆ, ಒಂದು ಸಲ ಸರಕಾರಿ ದವಾಖಾನೆಯಲ್ಲಿ ಔಷಧ ತೀರಿತ್ತು. ಪೇಟೆಯ ಔಷಧ ಅಂಗಡಿಯಲ್ಲಿ ಸಿಕ್ಕಿತು. ಚುಚ್ಚಿಸಿಕೊಳ್ಳಲು ಬೇರೆ ಗತಿಯಿಲ್ಲದೆ ಹಳೆಯ ಡಾಕ್ಟರ ಹತ್ತಿರ ಹೋದೆವು. ಅವರಿಗೆ ವಯಸ್ಸಾಗಿತ್ತು. ಪರದೆ ಬಣ್ಣಗೆಟ್ಟಿತ್ತು. ಸ್ಟೂಲು ಅಲ್ಲೇ ಇತ್ತು. ನಾನು ಅಭ್ಯಾಸದಿಂದ ಅದರ ಕಡೆ ತಿರುಗಿದೆ, ಮಗಳು ಹೋಗಿ ಕುರ್ಚಿಯಲ್ಲಿ ಕೂತಳು.

ಡಾಕ್ಟರು ಬೆಂಗಳೂರಿನ ಕಾಗದಗಳನ್ನು ಬಹಳ ಹೊತ್ತು ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು. ಹಿಂದಿನದು ಅವರಿಗೆ ನೆನಪಿತ್ತೋ ಇಲ್ಲವೋ, ನನಗೆ ಗೊತ್ತಾಗಲಿಲ್ಲ. ಕೇಳಲೂ ಇಲ್ಲ. ಆಮೇಲೆ ಕೊರಳಲ್ಲಿದ್ದ ಸ್ಟೆತಾಸ್ಕೋಪು ಕಿವಿಗೆ ಹಾಕಿಕೊಂಡು, ಎದ್ದು, ಮೇಜು ಸುತ್ತಿ ಬಂದರು.

“ಸ್ವಲ್ಪ ಕೇಳ್ತೇನಿ ತಡಿಯವಾ.”

ಮಗಳು ಸೆರಗನ್ನು ಎದೆಯ ಮೇಲೆ ಸರಿಯಾಗಿ ಎಳೆದುಕೊಂಡಳು. ದನಿ ಏರಿಸಲಿಲ್ಲ.

“ಈಗ ಬ್ಯಾಡ್ರಿ ಸಾಹೇಬ್ರ. ಈಗ ಸಪ್ಪಳ ಸಣ್ಣಾಗೇತಿ. ಆವಾಗ ಜೋರ ಕೇಳತಿತ್ತು.”

ಡಾಕ್ಟರು ಕಿವಿಯಿಂದ ಅದನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತರು. ಮಗಳು ಔಷಧದ ಬಾಟಲಿ ಮೇಜಿನ ಮೇಲಿಟ್ಟು ತೋಳು ಚಾಚಿದಳು. ಅವರೇ ಸೂಜಿ ಮಾಡಿದರು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಮಗಳು ಚುಚ್ಚಿದ ಜಾಗ ತಿಕ್ಕಿಕೊಂಡಳು. ಇನ್ನು ಮೂರು ವಾರ ಚಿಂತೆಯಿಲ್ಲ ಎಂದಳು. ಅವತ್ತು ದೀಪ ಹಚ್ಚಿ ಅಷ್ಟನ್ನೇ ಹೇಳಿದೆ.